ಹಳೆಯ ಎಲುಬು ಯಾರದು? ಮೊದಲು ಅಜ್ಜಿಯರ ಹೆಸರು ಹುಡುಕಿ

ಸಕಲೇಶಪುರದ ಹತ್ತಿರ ನಮ್ಮ ತೋಟದಲ್ಲಿ ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ ಒಮ್ಮೆ ತಲೆಬುರುಡೆ ಸಿಕ್ಕಿತು. "ಪಾಳೇಗಾರರದ್ದೇ" ಅಂದರು ಊರವರು. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ಆದರೂ ಅದನ್ನು ನಲ್ಲಿ ಕೆಳಗೆ ಹಿಡಿದು ತೊಳೆದೆ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟದ ಮೇಲಿಟ್ಟೆ. ಎರಡೇ ವಾರಕ್ಕೆ ಬೂಷ್ಟು ಹಿಡಿಯಿತು. ಆ ಸಂಕಟ ಇನ್ನೂ ಇದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲುಬು ಕಂಡರೆ ಅಗೆಯುವುದನ್ನು ನಿಲ್ಲಿಸಿ. ಇದ್ದ ಜಾಗದಲ್ಲೇ ಫೋಟೊ ತೆಗೆಯಿರಿ, ಪೊಲೀಸ್ ಠಾಣೆಗೂ ಪುರಾತತ್ವ ಇಲಾಖೆಗೂ ತಿಳಿಸಿ. ಎತ್ತುವ ಕೆಲಸ ಬಲ್ಲವರದು. ಅವರು ಬರುವವರೆಗೆ ತೊಳೆಯಬೇಡಿ, ಬರಿಗೈಲಿ ಮುಟ್ಟಬೇಡಿ, ಬಗ್ಗಿ ನೋಡುತ್ತಾ ಮಾತಾಡಬೇಡಿ. ನಮ್ಮ ಬೆವರು, ಎಂಜಲಿನಲ್ಲಿರುವ ಹೊಸ ಡಿಎನ್‌ಎ ಅದರ ಹಳೆಯ ಡಿಎನ್‌ಎಯನ್ನು ಮುಚ್ಚಿಹಾಕುತ್ತದೆ. ಆಗಲೇ ಯಾರಾದರೂ ಮುಟ್ಟಿದ್ದರೆ ಅವರ ಹೆಸರು ಬರೆದಿಡಿ. ಲ್ಯಾಬಿನವರು ಅವರ ಡಿಎನ್‌ಎಯನ್ನೂ ಹೋಲಿಸಿ ನೋಡಬೇಕಾಗುತ್ತದೆ. ಬುರುಡೆಯಲ್ಲಿ ಒಳಗಿವಿಯನ್ನು ಸುತ್ತಿರುವ ಗಟ್ಟಿ ಎಲುಬು ಮತ್ತು ದವಡೆ ಹಲ್ಲು, ಇವೆರಡರಲ್ಲೇ ಡಿಎನ್‌ಎ ಚೆನ್ನಾಗಿ ಉಳಿಯುವುದು. ಹೆಚ್ಚು ಆಸೆ ಮಾತ್ರ ಬೇಡ. ಸಿಂಧೂ ನಾಗರಿಕತೆಯ ಕಾಲದ ಊರಾದ ಹರಿಯಾಣದ ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿದಾಗ ಕೈಗೆ ಬಂದದ್ದು ಒಂದೇ ಒಂದು ಜೀನೋಮ್, ಅಂದರೆ ಒಬ್ಬರ ಡಿಎನ್‌ಎ ಓದು. ನಮ್ಮ ಮಲೆನಾಡಿನ ಮಳೆಗೆ, ಹುಳಿ ಮಣ್ಣಿಗೆ ಎಲುಬೇ ಕರಗಿಹೋಗುತ್ತದೆ.

ಡಿಎನ್‌ಎ ಸಿಕ್ಕಿತು ಅಂದುಕೊಳ್ಳಿ. ಅದು ಹೆಸರು ಹೇಳುವುದಿಲ್ಲ. ಹೋಲಿಸಲು ಬದುಕಿರುವ ನೆಂಟರು ಬೇಕು. ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್ 1485ರಲ್ಲಿ ಯುದ್ಧದಲ್ಲಿ ಸತ್ತವನು. 2012ರಲ್ಲಿ ಲೆಸ್ಟರ್ ಊರಿನ ಕಾರ್ ಪಾರ್ಕಿಂಗ್ ಕೆಳಗೆ ಅವನ ಅಸ್ಥಿಪಂಜರ ಸಿಕ್ಕಿತು. ಅವನ ಅಕ್ಕ ಆನ್, ಅವಳ ಮಗಳು, ಆ ಮಗಳ ಮಗಳು, ಹೀಗೆ ಹೆಣ್ಣುಸಂತತಿಯ ಜಾಡು ಹಿಡಿದು ಹೋದವರಿಗೆ ಬದುಕಿರುವ ಇಬ್ಬರು ಸಿಕ್ಕರು. ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗದ, ತಾಯಿಯಿಂದ ಮಾತ್ರ ಬರುವ ಡಿಎನ್‌ಎ ಹೊಂದಿತು. ಅವನ ವಂಶದ ಗಂಡು ಕವಲಿನ ಐವರಲ್ಲಿ, ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೊಸೋಮನ್ನೂ ಪರೀಕ್ಷಿಸಿದ್ದರು, ಒಬ್ಬರದೂ ಹೊಂದಲಿಲ್ಲ! ಕಾಗದದ ಮೇಲಿನ ತಂದೆಯೇ ನಿಜವಾದ ತಂದೆ ಎಂಬ ಭರವಸೆ ಅಷ್ಟು ತಲೆಮಾರಿಗೆ ಇರುವುದಿಲ್ಲ. ಹೆತ್ತವಳ ವಿಷಯದಲ್ಲಿ ಆ ಅನುಮಾನ ಕಡಿಮೆ.

ನೆಂಟರೇ ಇಲ್ಲದಿದ್ದರೆ ದಾಖಲೆ ಬೇಕು. ಜಾರ್ಜಿಯಾ ದೇಶದ ರಾಣಿ ಕೆಟೆವಾನಳನ್ನು 1624ರಲ್ಲಿ ಪರ್ಷಿಯಾದಲ್ಲಿ ಕೊಂದರು. ಅವಳ ಎಲುಬುಗಳಲ್ಲಿ ಕೆಲವನ್ನು ಪಾದ್ರಿಗಳು ಗೋವಾಕ್ಕೆ ತಂದರು. ಚರ್ಚಿನಲ್ಲಿ ಎಲ್ಲಿಟ್ಟರೆಂದು ಪೋರ್ಚುಗೀಸರ ಬರಹದಲ್ಲಿತ್ತು. ಅಲ್ಲಿ ಸಿಕ್ಕ ಎಲುಬಿನಲ್ಲಿ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಡದ್ದು ಯು1ಬಿ ಎಂಬ ತಾಯಿ ಕಡೆಯ ವಂಶದ ಡಿಎನ್‌ಎ ಗುಂಪು. ಅವರು ಹೋಲಿಸಿ ನೋಡಿದ ಭಾರತೀಯರಲ್ಲಿ ಅದು ಇರಲಿಲ್ಲ, ಜಾರ್ಜಿಯಾದವರಲ್ಲಿತ್ತು. ಬರಹವಿಲ್ಲದೆ ಬರೀ ಯು1ಬಿ ಸಿಕ್ಕಿದ್ದರೆ ರಾಣಿ ಎಂದು ಹೇಳಲು ಆಗುತ್ತಿತ್ತೆ?

ಹಾಗಾಗಿ ಬುರುಡೆ ಹಿಡಿದು ಲ್ಯಾಬಿಗೆ ಓಡುವ ಮೊದಲು ವಂಶಾವಳಿ ತೆರೆಯಿರಿ. ನಮ್ಮ ತೊಡಕು ಅಲ್ಲೇ ಇದೆ. ನಮ್ಮ ಮನೆಗೆ ಬರುತ್ತಿದ್ದ, ವಂಶಾವಳಿ ಹೇಳುವ ಹೆಳವರು ಮುತ್ತಾತನ ಅಪ್ಪನವರೆಗೆ ಗಂಡಸರ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಿದ್ದರು. "ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟರು?" ಅಂತ ಕೇಳಿದರೆ ಸುಮ್ಮನಾಗುತ್ತಿದ್ದರು. ಪಾಳೇಗಾರನ ಅಕ್ಕತಂಗಿಯರ ಹೆಣ್ಣುಸಂತತಿ ಇವತ್ತು ಬೇಲೂರಿನ ಯಾವುದೋ ಮನೆಯಲ್ಲಿ ಕಾಫಿ ಕಾಸುತ್ತಿರಬಹುದು, ಆದರೆ ಅಲ್ಲಿಗೆ ದಾರಿ ಬರೆದಿಟ್ಟವರಿಲ್ಲ.

ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಅಮ್ಮ, ಅಮ್ಮನ ಅಮ್ಮ, ಅವರ ಅಮ್ಮ: ಹೆಸರು, ತವರೂರು, ಕೊಟ್ಟ ಊರು ಬರೆಯಿರಿ. ಅಕ್ಕತಂಗಿಯರನ್ನು ಬಿಡಬೇಡಿ. ತಿಥಿಗೆ, ಮದುವೆಗೆ ಹೋದಾಗ ಹಿರಿಯ ಹೆಂಗಸರ ಪಕ್ಕ ಕೂತು ಕೇಳಿ; ಹೆಸರು ಮರೆತವರಿಗೂ ಬಾಣಂತನ ಎಲ್ಲಾಯಿತು ಎಂಬುದು ನೆನಪಿರುತ್ತದೆ. ನನ್ನದು ನಾಲ್ಕನೆಯವರವರೆಗೆ ಆಗಿದೆ. ಐದನೆಯವರ ತವರು ಬಾಳೆಹೊನ್ನೂರು ಕಡೆ ಎಂದಷ್ಟೇ ಚಿಕ್ಕಮ್ಮ ಹೇಳಿದ್ದಾರೆ. ಕಾಫಿ ಕೊಯ್ಲು ಮುಗಿದ ಮೇಲೆ ಹೋಗಿ ಕೇಳಿ ಬರುತ್ತೇನೆ.