ರೋಹಿಣಿ ಆ ಗುಂಪಿನದಾ? ಮನೆ ತಾರಸಿಯಿಂದ ವೇಗ ಅಳೆದು ನೋಡಿ

ವೃಷಭ ರಾಶಿಯಲ್ಲಿ ಕೆಂಪಗೆ ಹೊಳೆಯುವ ರೋಹಿಣಿ ಗೊತ್ತಲ್ಲ, ಅದರ ಜೊತೆಗೇ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುವ ನಕ್ಷತ್ರಗಳ ಗುಂಪಿಗೆ ಹಯಡೀಸ್ ಎಂದು ಹೆಸರು. ಸುಮಾರು 150 ಜ್ಯೋತಿರ್ವರ್ಷ ದೂರದ ತೆರೆದ ನಕ್ಷತ್ರಗುಚ್ಛ ಅದು, ಅಂದರೆ ಒಟ್ಟಿಗೆ ಹುಟ್ಟಿ ಜೊತೆಯಾಗಿಯೇ ಸಾಗುವ ನಕ್ಷತ್ರಗಳ ಸಡಿಲ ಗುಂಪು. ನೋಡಿದರೆ ರೋಹಿಣಿಯೂ ಅದೇ ಗುಂಪಿನದು ಅನಿಸುತ್ತದೆ. ಅಲ್ಲ. ಅದು ಸುಮಾರು 65 ಜ್ಯೋತಿರ್ವರ್ಷದಲ್ಲೇ, ನಡುದಾರಿಯಲ್ಲಿ ಅಡ್ಡ ನಿಂತಿದೆ ಅಷ್ಟೆ. ವೇಗ ಅಳೆದರೂ ಇದೇ ಗೊತ್ತಾಗುತ್ತದೆ: ಗುಂಪಿನವು ಸೆಕೆಂಡಿಗೆ ಸುಮಾರು 39 ಕಿಲೋಮೀಟರ್ ವೇಗದಲ್ಲಿ ನಮ್ಮಿಂದ ದೂರ ಹೋಗುತ್ತಿವೆ, ರೋಹಿಣಿ 54ರಲ್ಲಿ. ಇದನ್ನು ದಾವಣಗೆರೆಯಲ್ಲಿ ಕೂತೇ ಅಳೆಯಬಹುದು.

ನಕ್ಷತ್ರ ನಮ್ಮ ಕಡೆ ಬರುವ ಅಥವಾ ನಮ್ಮಿಂದ ದೂರ ಹೋಗುವ ಈ ವೇಗಕ್ಕೆ ರೇಡಿಯಲ್ ವೆಲಾಸಿಟಿ ಎನ್ನುತ್ತಾರೆ. ದೂರ ಹೋದರೆ ಪ್ಲಸ್, ಹತ್ತಿರ ಬಂದರೆ ಮೈನಸ್. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯೇ ರೋಹಿತ; ಅದರಲ್ಲಿನ ಕಪ್ಪು ಗೆರೆ ಎಷ್ಟು ಜರುಗಿದೆ ನೋಡಿ, ಅದನ್ನು ಗೆರೆಯ ಮೂಲ ತರಂಗಾಂತರದಿಂದ ಭಾಗಿಸಿ, ಬೆಳಕಿನ ವೇಗದಿಂದ ಗುಣಿಸಿದರೆ ಮುಗಿಯಿತು. ಪಿಯುಸಿ ಲೆಕ್ಕ. ಆದರೆ ಹಸಿರು ಭಾಗದಲ್ಲಿ, 5170 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಹತ್ತಿರ, 39 ಕಿಲೋಮೀಟರ್ ವೇಗಕ್ಕೆ ಗೆರೆ ಜರುಗುವುದು ಬರೀ 0.67 ಆಂಗ್‌ಸ್ಟ್ರಾಂ. ಹಾಗಾಗಿ ಕ್ಯಾಮೆರಾ ಮುಂದೆ ಸಿಕ್ಕಿಸುವ ಅಗ್ಗದ ಗ್ರೇಟಿಂಗ್ ಇಲ್ಲಿ ನಡೆಯುವುದಿಲ್ಲ. ಬೆಳಕು ಒಳಬರುವ ಸೀಳುಗಂಡಿ ಇರುವ, ರೆಸಲ್ಯೂಶನ್ (ಹತ್ತಿರದ ಗೆರೆಗಳನ್ನು ಬೇರ್ಪಡಿಸುವ ಸಾಮರ್ಥ್ಯ) 10,000 ದಾಟುವ ಸ್ಪೆಕ್ಟ್ರೋಗ್ರಾಫ್, ಅಂದರೆ ರೋಹಿತ ದಾಖಲಿಸುವ ಉಪಕರಣ, ಬೇಕು. ಜೊತೆಗೆ 8 ಇಂಚಿನ ದೂರದರ್ಶಕ, ಹೋಲಿಸಿ ನೋಡಲು ತರಂಗಾಂತರ ಗೊತ್ತಿರುವ ಗೆರೆಗಳನ್ನು ಕೊಡುವ ಒಂದು ನಿಯಾನ್-ಆರ್ಗಾನ್ ದೀಪ. ಒಬ್ಬರ ಜೇಬಿಗೆ ಭಾರವೇ. ಕಾಲೇಜಿನ ಫಿಸಿಕ್ಸ್ ವಿಭಾಗ ಮನಸ್ಸು ಮಾಡಿದರೆ ಆಗದ ಮಾತಲ್ಲ.

ಜಾಗಕ್ಕೆ ಹುಡುಕಾಡಬೇಡಿ. ಫೋಟೋ ತೆಗೆಯುವವರು ಕತ್ತಲು ಬೇಕು ಅಂತ ಚಳ್ಳಕೆರೆ ಕಡೆ ಹೋಗಲಿ, ನಿಮಗೆ ಮನೆ ತಾರಸಿ ಸಾಕು, ಯಾಕಂದರೆ ಸೀಳುಗಂಡಿಯೊಳಗೆ ಬೀದಿದೀಪದ ಬೆಳಕು ನುಗ್ಗುವುದು ತೀರಾ ಕಡಿಮೆ. ಹಗಲೆಲ್ಲ ಕಾದ ಕಾಂಕ್ರೀಟು ಆರುವವರೆಗೆ ಮಾತ್ರ ಕಾಯಿರಿ. ಇನ್ನೊಂದು ವಿಷಯ: ನಮ್ಮೂರಿನಲ್ಲಿ ರೋಹಿಣಿ ನೆತ್ತಿಯಿಂದ ಬರೀ 2 ಡಿಗ್ರಿ ಉತ್ತರಕ್ಕೆ ಹಾದುಹೋಗುತ್ತದೆ. ಗಾಳಿಯ ಪದರ ತೆಳು, ಅದು ಒಳ್ಳೆಯದೇ. ಆದರೆ ಆ ಹೊತ್ತಿಗೆ ದೂರದರ್ಶಕದ ಹಿಂದೆ ಉದ್ದಕ್ಕೆ ಜೋತಿರುವ ಸ್ಪೆಕ್ಟ್ರೋಗ್ರಾಫ್ ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ. ನೆತ್ತಿಗೆ ಬರುವ ಒಂದು ಗಂಟೆ ಮೊದಲೇ ಕೆಲಸ ಮುಗಿಸಿ.

ಮೊದಲಿಗೆ ಹಯಡೀಸ್ ಗುಂಪಿನ ಗಾಮಾ ಟೌರಿ, ಎಪ್ಸಿಲಾನ್ ಟೌರಿ ಆರಿಸಿಕೊಳ್ಳಿ. ಎರಡೂ ತಣ್ಣನೆಯ ದೈತ್ಯ ನಕ್ಷತ್ರಗಳು, ಚೂಪಾದ ಗೆರೆಗಳು ಬೇಕಾದಷ್ಟು ಸಿಗುತ್ತವೆ. ಎಪ್ಸಿಲಾನ್ ಸುತ್ತ ಒಂದು ಗ್ರಹ ಇದೆ. ತೆರೆದ ಗುಚ್ಛದಲ್ಲಿ ಸಿಕ್ಕ ಮೊದಲ ಗ್ರಹ ಅದು, 2007ರಲ್ಲಿ ಜಪಾನಿನ ತಂಡ ಇದೇ ವಿಧಾನದಿಂದ ಹಿಡಿದದ್ದು. ಅದರಿಂದಾಗುವ ಓಲಾಟ ಸೆಕೆಂಡಿಗೆ 100 ಮೀಟರಿನ ಆಸುಪಾಸು, ನಿಮ್ಮ ಉಪಕರಣಕ್ಕೆ ಕಾಣುವುದಿಲ್ಲ ಬಿಡಿ. ಥೀಟಾ-2 ಗುಂಪಿನಲ್ಲೇ ಹೆಚ್ಚು ಹೊಳೆಯುತ್ತದೆ ಅಂತ ಅದಕ್ಕೆ ಕೈ ಹಾಕಬೇಡಿ. ಜೋರಾಗಿ ಗಿರಗಿರ ತಿರುಗುವುದರಿಂದ ಅದರ ಗೆರೆಗಳು ಅಗಲವಾಗಿ ಹರಡಿರುತ್ತವೆ, ಸಾಲದ್ದಕ್ಕೆ ಅದು ಜೋಡಿ ನಕ್ಷತ್ರ, ಸುಮಾರು 140 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತ ವೇಗ ಬದಲಿಸುತ್ತಿರುತ್ತವೆ. ಕೃತ್ತಿಕೆಯ ದೊಡ್ಡ ನಕ್ಷತ್ರಗಳದ್ದೂ ಇದೇ ತಿರುಗಾಟದ ಗೋಳು.

ಪ್ರತಿ ನಕ್ಷತ್ರಕ್ಕೂ ಮೊದಲೊಮ್ಮೆ, ಆಮೇಲೊಮ್ಮೆ ದೀಪದ ರೋಹಿತ ತೆಗೆಯಿರಿ. ರಾತ್ರಿ ತಂಪಾದಂತೆ ಉಪಕರಣದ ಲೋಹ ಕುಗ್ಗುತ್ತದೆ, ಗೆರೆಗಳು ತಾವಾಗಿಯೇ ಜರುಗುತ್ತವೆ. ಎರಡು ದೀಪದ ನಡುವಿನ ಸರಾಸರಿ ಹಿಡಿದರೆ ಆ ಜರುಗಾಟ ಬಹುಪಾಲು ಹೋಗುತ್ತದೆ. ಒಂದೇ ಗೆರೆ ನಂಬಿ ಕೂರಬೇಡಿ, ಹಸಿರು ಭಾಗದ ಮೆಗ್ನೀಸಿಯಂ ಮತ್ತು ಕಬ್ಬಿಣದ ಗೆರೆಗಳನ್ನೆಲ್ಲ ಒಟ್ಟಿಗೆ ಮಾದರಿ ರೋಹಿತದ ಮೇಲೆ ಸರಿಸಿ ಹೊಂದಿಸುವ ಕ್ರಾಸ್-ಕೋರಿಲೇಶನ್ ಮಾಡಿ. ಐಸ್ಪೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಇದನ್ನು ಮಾಡಿಕೊಡುತ್ತದೆ. ಮಾದರಿಯ ತರಂಗಾಂತರ ಗಾಳಿಯದೋ ನಿರ್ವಾತದ್ದೋ ಅಂತ ನೋಡಿಕೊಳ್ಳಿ. ಇದು ಅದಲು ಬದಲಾದರೆ ಉತ್ತರ ಸೆಕೆಂಡಿಗೆ 80 ಕಿಲೋಮೀಟರಿಗೂ ಜಾಸ್ತಿ ತಪ್ಪುತ್ತದೆ!

ಈಗ ಭೂಮಿಯ ಪಾಲು ಕಳೆಯಬೇಕು. ಭೂಮಿ ಸೂರ್ಯನನ್ನು ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ ಅಲ್ವಾ, ಸೆಪ್ಟೆಂಬರ್ ಆರಂಭದಲ್ಲಿ ನಾವು ವೃಷಭದ ಕಡೆಗೇ ಓಡುತ್ತಿರುತ್ತೇವೆ, ಹಾಗಾಗಿ ಹಯಡೀಸ್ ವೇಗ 9ರಷ್ಟೇ ಕಾಣುತ್ತದೆ. ಅದೇ ಮಾರ್ಚ್ ಆರಂಭದಲ್ಲಿ ಅದರಿಂದ ದೂರ ಓಡುತ್ತಿರುತ್ತೇವೆ, 69ರ ಹತ್ತಿರ ಬರುತ್ತದೆ. ಡಿಸೆಂಬರ್ ಆರಂಭದಲ್ಲಿ ಈ ತಿದ್ದುಪಡಿ ಹೆಚ್ಚುಕಮ್ಮಿ ಸೊನ್ನೆ. ಹಾಗಂತ ಬಿಡಬೇಡಿ, ಅದು ದಿನದಿನಕ್ಕೂ ಬೇಗ ಬದಲಾಗುವ ಸಮಯವೂ ಅದೇ. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಅದರ ಖಗೋಳ ಲೆಕ್ಕದ ಸಾಫ್ಟ್‌ವೇರ್ ಆಸ್ಟ್ರೋಪೈಗೆ ಸ್ಥಳ, ಸಮಯ, ನಕ್ಷತ್ರದ ಜಾಗ ಕೊಟ್ಟರೆ ಸಂಖ್ಯೆ ಬರುತ್ತದೆ. ಸಮಯ ಯುಟಿಯಲ್ಲಿ (ಜಾಗತಿಕ ಸಮಯದಲ್ಲಿ) ಕೊಡಿ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು.

ಎಲ್ಲಕ್ಕಿಂತ ಮುಖ್ಯ, ಅದೇ ರಾತ್ರಿ ವೇಗ ಚೆನ್ನಾಗಿ ಗೊತ್ತಿರುವ ಒಂದು ನಕ್ಷತ್ರವನ್ನೂ ಅಳೆಯಿರಿ. ಮಂಡಿಯ ತಕ್ಕಡಿ ಖಾಲಿ ಇದ್ದಾಗಲೇ ಅರ್ಧ ಕೆಜಿ ತೋರಿಸಿದರೆ ಮೆಕ್ಕೆಜೋಳ ಎಷ್ಟು ನಾಜೂಕಾಗಿ ತೂಗಿ ಏನು ಬಂತು? ಪಕ್ಕದ ಮೇಷ ರಾಶಿಯ ಹಮಾಲ್ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ವೇಗ ಸುಮಾರು ಮೈನಸ್ 14. ನಿಮಗೆ ಮೈನಸ್ 10 ಬಂದರೆ ಎಲ್ಲ ಅಳತೆಯಿಂದಲೂ 4 ಕಳೆಯಿರಿ. ಹಾಗೆ ಮಾಡಿದ ಮೇಲೂ ಗಾಮಾ, ಎಪ್ಸಿಲಾನ್ ಎರಡೂ 39ರ ಅಕ್ಕಪಕ್ಕ ಬಾರದಿದ್ದರೆ ದೀಪದ ಗೆರೆಗಳನ್ನು ತಪ್ಪಾಗಿ ಗುರುತಿಸಿದ್ದೀರಿ ಎಂದೇ ಮೊದಲು ಅನುಮಾನ ಪಡಿ.

ಉಪಕರಣ ಇಲ್ಲದವರು ನಕ್ಷತ್ರಗಳನ್ನು ಅಳೆದ ಯುರೋಪಿನ ಗಯಾ ಉಪಗ್ರಹದ 2022ರ ದತ್ತಾಂಶ ಇಳಿಸಿಕೊಳ್ಳಿ, 3.3 ಕೋಟಿ ನಕ್ಷತ್ರಗಳ ವೇಗ ಅದರಲ್ಲಿ ಉಚಿತವಾಗಿ ಸಿಗುತ್ತದೆ. ಕರ್ಕಾಟಕ ರಾಶಿಯ ಎಂ67 ಗುಚ್ಛದ ಸುತ್ತ ಅರ್ಧ ಡಿಗ್ರಿಯ ವೃತ್ತ ಹಾಕಿ, ವೇಗದ ಹಿಸ್ಟೋಗ್ರಾಂ ಬರೆಯಿರಿ. 34ರ ಹತ್ತಿರ ಕಡ್ಡಿಗಳು ಎದ್ದು ಕಾಣುತ್ತವೆ, ಅದು ಗುಚ್ಛ. ಆಚೀಚೆ ಚದುರಿದವುಗಳಲ್ಲಿ ಹೆಚ್ಚಿನವು ದಾರಿಹೋಕರು. ಆದರೂ ಒಂದರ ಪ್ಯಾರಲಾಕ್ಸ್ (ದೂರ ತಿಳಿಸುವ ಕೋನ) ಗುಚ್ಛದಂತೆಯೇ 1.15 ಮಿಲಿ ಆರ್ಕ್‌ಸೆಕೆಂಡಿನ ಆಸುಪಾಸು ಇದ್ದು ವೇಗ ಮಾತ್ರ ಹೊಂದದಿದ್ದರೆ ಕೂಡಲೇ ಅಳಿಸಬೇಡಿ, ವೇಗದ ದೋಷ ತೋರಿಸುವ ಕಾಲಂ ನೋಡಿ. ಅಲ್ಲಿ ಸಂಖ್ಯೆ ದೊಡ್ಡದಿದ್ದರೆ ಅದು ಗುಚ್ಛದೊಳಗಿನ ಜೋಡಿ ನಕ್ಷತ್ರವೂ ಇರಬಹುದು.