ಎಸಿಯ ನೀರಿಗೆ ದಾರಿ ಬಿಡಿ: ಸೆಖೆಯ ಊರಿನವರು ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸಗಳು

ಮೇ ತಿಂಗಳ ಒಂದು ರಾತ್ರಿ, ಸುರತ್ಕಲ್‌ನ ನಮ್ಮ ಮನೆಯಲ್ಲಿ ಎರಡು ಗಂಟೆಗೆ ಎಚ್ಚರವಾಯಿತು. ಕೆನ್ನೆ ಮೇಲೆ ತಣ್ಣನೆಯ ಹನಿ ಬಿದ್ದಿತ್ತು. ಲೈಟ್ ಹಾಕಿದರೆ ಎಸಿಯ ಎಡ ಮೂಲೆಯಿಂದ ನೀರು ಇಳಿಯುತ್ತಿದೆ, ಗೋಡೆಯ ಬಣ್ಣ ಉಬ್ಬಿದೆ, ದಿಂಬು ಪೂರ್ತಿ ಚಂಡಿ. ಬೆಳಿಗ್ಗೆ ಬಂದ ಮೆಕ್ಯಾನಿಕ್ ಮುಚ್ಚಳವನ್ನೂ ತೆರೆಯದೆ, "ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಬೇಕು" ಎಂದರು. ರೂಮು ಚೆನ್ನಾಗಿಯೇ ತಣ್ಣಗಾಗುತ್ತಿತ್ತು. ಹಾಗಾಗಿ ಅನುಮಾನ ಬಂದು ಇನ್ನೊಬ್ಬರನ್ನು ಕರೆಸಿದೆವು. ಅವರು ಸೀದಾ ಮನೆಯ ಹಿಂದೆ ಹೋಗಿ, ನೀರು ಬೀಳುವ ಪೈಪಿನ ತುದಿಗೆ ಚಂಡಿ ಬಟ್ಟೆ ಸುತ್ತಿ, ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಹಿಡಿದರು. ಅರ್ಧ ನಿಮಿಷದಲ್ಲಿ ಬೆರಳುದ್ದದ ಬೂದು ಲೋಳೆಯೊಂದು ಹೊರಗೆ ಬಂತು. ಅದರ ಹಿಂದೆಯೇ ನೀರು ಭರ್ರನೆ ಸುರಿಯಿತು. ಅಷ್ಟೇ ಆಗಿದ್ದದ್ದು.

ಆ ಲೋಳೆ ತೆಗೆಯಲು ಮೆಕ್ಯಾನಿಕ್ಕೇ ಬೇಕಿರಲಿಲ್ಲ. ಎಸಿಯ ಕೆಲಸ ಸ್ವಲ್ಪ ಅರ್ಥವಾದರೆ ಇಂಥ ಹೆಚ್ಚಿನ ತೊಂದರೆಗಳನ್ನು ನಾವೇ ತಡೆಯಬಹುದು.

ಕರಾವಳಿಯಲ್ಲಿ ಎಸಿಗೆ ಎರಡು ಕೆಲಸ

ಕಲಬುರಗಿ, ರಾಯಚೂರಿನ ಬಿಸಿಲು ಒಣ ಬಿಸಿಲು. ಅಲ್ಲಿ 40 ಡಿಗ್ರಿ ದಾಟಿದರೂ ಕೂಲರ್ ಹಾಕಿದರೆ ಹಾಯಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ 33–34 ಡಿಗ್ರಿಗೇ ಮೈಯೆಲ್ಲ ಅಂಟಂಟು, ಕೂಲರ್ ಹಾಕಿದರೆ ಸೆಖೆ ಇನ್ನೂ ಜಾಸ್ತಿ. ಗಾಳಿಯಲ್ಲಿ ಆಗಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ. ಇಲ್ಲಿ ಎಸಿ ಗಾಳಿಯನ್ನು ತಣ್ಣಗೆ ಮಾಡುವುದರ ಜೊತೆಗೆ ಅದರಲ್ಲಿರುವ ನೀರನ್ನೂ ಹಿಂಡಿ ತೆಗೆಯಬೇಕು. ತಣ್ಣನೆಯ ಎಳನೀರು ಹಾಕಿದ ಲೋಟದ ಹೊರಗೆ ಹನಿ ಕಟ್ಟುತ್ತದಲ್ವಾ? ಎಸಿಯೊಳಗಿನ ಕಾಯಿಲ್ (ತಣ್ಣನೆಯ ಗ್ಯಾಸ್ ಹರಿಯುವ ಕೊಳವೆ, ತಗಡುಗಳ ಜೋಡಣೆ) ಮೇಲೂ ಹಾಗೆಯೇ ನೀರು ಕಟ್ಟುತ್ತದೆ. ಅದು ಕೆಳಗಿನ ತಟ್ಟೆಗೆ ಬಿದ್ದು, ಅಲ್ಲಿಂದ ಪೈಪಿನಲ್ಲಿ ಹೊರಗೆ ಹೋಗುತ್ತದೆ.

ಎಷ್ಟು ನೀರು ಎಂದು ನೋಡಬೇಕೆನಿಸಿದರೆ ಪೈಪಿನ ಕೆಳಗೆ ಬಕೆಟ್ ಇಡಿ. 1.5 ಟನ್ನಿನ ಎಸಿ ಸೆಖೆಯ ದಿನ ಗಂಟೆಗೆ 1ರಿಂದ 2 ಲೀಟರ್ ನೀರು ಬಿಡಬಲ್ಲದು. ರಾತ್ರಿಯಿಡೀ ಓಡಿದರೆ ಒಂದು ಬಕೆಟ್ ತುಂಬುತ್ತದೆ. ಈ ನೀರನ್ನು ನೆಲ ಒರೆಸಲು, ಗಿಡಕ್ಕೆ ಹಾಕಲು ಬಳಸಬಹುದು. ಕುಡಿಯಬೇಡಿ. ಇನ್ವರ್ಟರ್ ಬ್ಯಾಟರಿಗೂ ಬೇಡ, ಕಾಯಿಲ್ ಮೇಲಿನ ಧೂಳು, ಲೋಹದ ಕಣ ಎಲ್ಲ ಅದರಲ್ಲಿರುತ್ತದೆ.

ಇಷ್ಟು ನೀರು ದಿನವೂ ಹರಿಯುವ ಜಾಗದಲ್ಲಿ ಧೂಳು ಸೇರಿದರೆ ಬೂಷ್ಟು, ಲೋಳೆ ಬೆಳೆಯದೆ ಇರುತ್ತದೆಯೇ? ಮುಂದೆ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಇದನ್ನು ತಡೆಯುವುದಕ್ಕೇ.

ಮೊದಲು ಎಂಸಿಬಿ ಆಫ್ ಮಾಡಿ

ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಒಳಗೆ ಕೈ ಹಾಕುವ ಮೊದಲು ಎಸಿಯ ಎಂಸಿಬಿ, ಅಂದರೆ ಅದಕ್ಕೆ ಬರುವ ಕರೆಂಟನ್ನೇ ಕಡಿಯುವ ಸ್ವಿಚ್ಚು, ಇಳಿಸಿ. ಗಟ್ಟಿ ಏಣಿ ಅಥವಾ ಅಲುಗಾಡದ ಸ್ಟೂಲ್ ಬಳಸಿ, ಹಿಡಿದುಕೊಳ್ಳಲು ಒಬ್ಬರಿರಲಿ. ಹೊರಗಿನ ಪೆಟ್ಟಿಗೆಯ (ಔಟ್‌ಡೋರ್ ಯೂನಿಟ್) ಸ್ಕ್ರೂ ಬಿಚ್ಚುವ ಕೆಲಸ ಮಾತ್ರ ಬೇಡವೇ ಬೇಡ. ಅದರೊಳಗಿನ ಕೆಪಾಸಿಟರ್ ಕರೆಂಟು ತೆಗೆದ ಮೇಲೂ ಶಾಕ್ ಹೊಡೆಯಬಲ್ಲದು.

ಜಾಲರಿ ತೊಳೆಯುವುದು: ಹದಿನೈದು ದಿನಕ್ಕೊಮ್ಮೆ

ಎಸಿಯ ಮುಂದಿನ ಮುಚ್ಚಳವನ್ನು ಎರಡೂ ಬದಿ ಹಿಡಿದು ಮೇಲಕ್ಕೆತ್ತಿ. ಒಳಗೆ ಎರಡು ತೆಳ್ಳಗಿನ ಪ್ಲಾಸ್ಟಿಕ್ ಜಾಲರಿ ಕಾಣುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಇವು ಮೇಲಿನಿಂದ ಹೊರಬರುತ್ತವೆ. ತೆಗೆದು ಬೆಳಕಿಗೆ ಹಿಡಿಯಿರಿ. ಆಚೆ ಕಡೆ ಮಂಜುಮಂಜಾಗಿ ಕಂಡರೆ ತೊಳೆಯುವ ಹೊತ್ತು ಮೀರಿದೆ ಎಂದೇ ಅರ್ಥ.

ಬಚ್ಚಲಿಗೆ ಒಯ್ದು ಹಿಂಬದಿಯಿಂದ ನೀರು ಬಿಡಿ. ಧೂಳು ಕೂತಿರುವ ಮುಂಬದಿಗೆ ನೀರು ಹೊಡೆದರೆ ಅದು ಜಾಲರಿಯ ತೂತುಗಳೊಳಗೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ನಮ್ಮ ಮನೆಗಳ ಧೂಳು ಬರೀ ಧೂಳಲ್ಲ. ಬಂಗುಡೆ ಹುರಿದ ಎಣ್ಣೆಹೊಗೆ, ಊದುಬತ್ತಿ, ಪೌಡರ್ ಎಲ್ಲ ಸೇರಿ ಜಿಡ್ಡಾಗಿರುತ್ತದೆ. ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಹಾಕಿ, ಹಳೆ ಟೂತ್‌ಬ್ರಷ್‌ನಿಂದ ಹಗುರವಾಗಿ ಉಜ್ಜಿ. ಬಿಸಿ ನೀರು ಬೇಡ, ಜಾಲರಿ ಸೊಟ್ಟಗಾಗುತ್ತದೆ. ಜಾಲರಿಯ ಮೇಲೆ ಪಟ್ಟಿಯಂಥ ಸಣ್ಣ ಕಾರ್ಬನ್ ಫಿಲ್ಟರ್ ಇದ್ದರೆ ಅದನ್ನು ಬಿಚ್ಚಿಡಿ. ಅಂಥವನ್ನು ತೊಳೆಯಬಹುದೋ ಇಲ್ಲವೋ ಎಂದು ಎಸಿ ಜೊತೆ ಬಂದ ಪುಸ್ತಕದಲ್ಲಿ ನೋಡಿ.

ಆಮೇಲೆ ನೆರಳಲ್ಲಿ ಒಣಗಿಸಿ. ಜಗಲಿಯಲ್ಲಿ ಇಟ್ಟರೆ ಸುಮ್ನೆ ಆರುವುದಿಲ್ಲ, ಫ್ಯಾನಿನ ಕೆಳಗೆ ಒಂದೆರಡು ಗಂಟೆ ಬಿಡಿ. ಚಂಡಿ ಜಾಲರಿ ಹಾಕಿದರೆ ಬೂಷ್ಟಿಗೆ ನಾವೇ ಜಾಗ ಮಾಡಿಕೊಟ್ಟ ಹಾಗೆ. ರಸ್ತೆ ಪಕ್ಕದ ಮನೆ, ಹತ್ತಿರದಲ್ಲಿ ಕೆಂಪು ಕಲ್ಲು ಕೊಯ್ಯುವ ಕೆಲಸ ನಡೆಯುತ್ತಿದ್ದರೆ ವಾರಕ್ಕೊಮ್ಮೆ ತೊಳೆಯುವುದು ಒಳ್ಳೆಯದು.

ಜಾಲರಿ ಕಟ್ಟಿಕೊಂಡರೆ ಕರೆಂಟ್ ಬಿಲ್ ಏರುವುದಷ್ಟೇ ಅಲ್ಲ. ಕಾಯಿಲ್ ಮೇಲೆ ಹಾಯುವ ಗಾಳಿ ಕಮ್ಮಿಯಾಗಿ ಅದು ಅತಿಯಾಗಿ ತಣ್ಣಗಾಗುತ್ತದೆ, ನೀರು ಮಂಜುಗಡ್ಡೆಯಾಗುತ್ತದೆ. ಎಸಿ ಆಫ್ ಮಾಡಿದ ಮೇಲೆ ಆ ಗಡ್ಡೆ ಒಟ್ಟಿಗೆ ಕರಗಿ, ತಟ್ಟೆ ತುಂಬಿ ರೂಮಿಗೆ ಸುರಿಯುತ್ತದೆ. ಗಡ್ಡೆ ಕಂಡರೆ ಕೆರೆದು ತೆಗೆಯಬೇಡಿ. ಕೂಲಿಂಗ್ ನಿಲ್ಲಿಸಿ ಬರೀ ಫ್ಯಾನ್ ಓಡಿಸಿ, ತಾನಾಗಿ ಕರಗಲಿ.

ನೀರಿನ ಪೈಪ್: ಇದನ್ನು ಯಾರೂ ನೋಡುವುದಿಲ್ಲ

ಸರ್ವಿಸಿಗೆ ಬಂದವರೂ ಎಷ್ಟೋ ಸಲ ಇದನ್ನು ಮುಟ್ಟದೆ ಹೋಗುತ್ತಾರೆ. ನಮ್ಮ ಕಡೆ ತಲೆನೋವಿನ ಮೂಲವೇ ಇದು. ಆದ್ದರಿಂದ ಇದಕ್ಕೆ ಅರ್ಧ ಗಂಟೆ ಕೊಡಿ.

ಮೊದಲು ಪೈಪಿನ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸಿ. ಇದರಲ್ಲಿ ಪಂಪ್ ಇರುವುದಿಲ್ಲ, ನೀರು ಇಳಿಜಾರಿನಲ್ಲಿ ತಾನಾಗಿ ಹರಿಯಬೇಕು. ಎಲ್ಲೂ ಏರಿ ಇಳಿಯಬಾರದು, ಮಡಚಿರಬಾರದು, ಜೋತು ಬೀಳಬಾರದು. ಜೋತಿರುವ ಕಡೆ ನೀರು ನಿಂತು ಲೋಳೆ ಕಟ್ಟುತ್ತದೆ. ಫ್ಲ್ಯಾಟ್‌ಗಳಲ್ಲಿ ಪೈಪಿನ ತುದಿಯನ್ನು ಬಾಟಲಿಯೊಳಗೋ ಕ್ಯಾನಿನೊಳಗೋ ಇಳಿಸಿರುತ್ತಾರೆ. ತುದಿ ನೀರಿನೊಳಗೆ ಮುಳುಗಿದರೆ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲಬಹುದು. ತುದಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಲಿ. ತುದಿಯೊಳಗೆ ಟಾರ್ಚ್ ಬಿಟ್ಟು ನೋಡುವುದನ್ನೂ ಮರೆಯಬೇಡಿ. ಬಳಸದೆ ಬಿಟ್ಟ ತಿಂಗಳುಗಳಲ್ಲಿ ಕಣಜದ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ, ಇರುವೆ ಸೇರಿಕೊಳ್ಳುತ್ತದೆ.

ಈಗ ಪರೀಕ್ಷೆ. ಎಂಸಿಬಿ ಆಫ್ ಇರಲಿ. ಜಾಲರಿ ತೆಗೆದು, ಅರ್ಧ ಲೀಟರ್ ಬಾಟಲಿಯಿಂದ ಕಾಯಿಲ್ ಮೇಲೆ ನಿಧಾನಕ್ಕೆ, ಸಣ್ಣ ಧಾರೆಯಲ್ಲಿ ನೀರು ಬಿಡಿ. ಸಾಮಾನ್ಯವಾಗಿ ಬಲ ತುದಿಯಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ, ಆ ಕಡೆ ಒಂದು ಹನಿಯೂ ಹೋಗಬಾರದು. ಮನೆಯ ಇನ್ನೊಬ್ಬರು ಹೊರಗೆ ಪೈಪಿನ ತುದಿ ನೋಡುತ್ತಿರಲಿ. ಸ್ವಲ್ಪ ಹೊತ್ತಿನಲ್ಲೇ ನೀರು ಸಲೀಸಾಗಿ ಬಂದರೆ ಸರಿ. ತೊಟ್ಟಿಕ್ಕುತ್ತಾ ಬಂದರೆ ಅರ್ಧ ಕಟ್ಟಿಕೊಂಡಿದೆ. ಬರದೇ ಇದ್ದರೆ ಪೂರ್ತಿ ಕಟ್ಟಿದೆ, ಇನ್ನು ನೀರು ಹಾಕುವುದನ್ನು ನಿಲ್ಲಿಸಿ.

ಕಟ್ಟಿದ್ದರೆ ಹೊರಗಿನಿಂದ ಎಳೆಯಬೇಕು, ಊದಬಾರದು. ಊದಿದರೆ ಕೊಳೆಯೆಲ್ಲ ಹಿಂದಕ್ಕೆ ತಟ್ಟೆಗೆ ಹೋಗಿ ಗೋಡೆ ತುಂಬ ಚಿಮ್ಮುತ್ತದೆ. ನೀರು ಎಳೆಯುವ ವ್ಯಾಕ್ಯೂಮ್ ಇದ್ದರೆ ತುದಿಗೆ ಬಟ್ಟೆ ಬಿಗಿಯಾಗಿ ಸುತ್ತಿ ಒಂದೆರಡು ನಿಮಿಷ ಹಿಡಿಯಿರಿ. ಒಣ ಧೂಳಿನ ವ್ಯಾಕ್ಯೂಮ್ ಇದಕ್ಕೆ ಆಗುವುದಿಲ್ಲ, ಮೋಟರಿಗೆ ನೀರು ಹೋಗುತ್ತದೆ. ಲೋಳೆ ಬಂದ ಮೇಲೆ ಮತ್ತೆ ಮೇಲಿನಿಂದ ನೀರು ಬಿಟ್ಟು ನೋಡಿ. ಕೆಲವು ಎಸಿಗಳಲ್ಲಿ ತಟ್ಟೆ ಕೈಗೆ ಸಿಗುತ್ತದೆ. ಅಂಥ ಕಡೆ ಒಂದು ಲೋಟ ವಿನೆಗರನ್ನು ತಟ್ಟೆಗೇ ಹಾಕಿ, ಅರ್ಧ ಗಂಟೆ ಬಿಟ್ಟು ನೀರಿನಿಂದ ತೊಳೆದರೆ ಲೋಳೆ ಬೇಗ ಮರಳುವುದಿಲ್ಲ. ತಟ್ಟೆ ಸಿಗದಿದ್ದರೆ ಬರೀ ನೀರು ಸಾಕು. ಕಾಯಿಲ್ ಮೇಲೆ ವಿನೆಗರ್ ಹಾಕಬೇಡಿ, ಅಲ್ಯೂಮಿನಿಯಂ ಸವೆಯುತ್ತದೆ. ವಿನೆಗರ್ ಹಾಕಿದ ಕಡೆ ಬ್ಲೀಚಿಂಗ್ ಅಂತೂ ಹಾಕಲೇಬಾರದು, ಎರಡೂ ಸೇರಿದರೆ ವಿಷದ ಗಾಳಿ ಬರುತ್ತದೆ.

ಇನ್ನೊಂದು ವಿಷಯ. ಪೈಪ್ ಸರಿಯಿದ್ದೂ ಗೋಡೆ ಒದ್ದೆಯಾದರೆ ತಾಮ್ರದ ಕೊಳವೆಗೆ ಸುತ್ತಿದ ಕರಿ ಸ್ಪಂಜನ್ನು ನೋಡಿ. ಬಿಸಿಲಿಗೆ ಅದು ಪುಡಿಯಾಗುತ್ತದೆ, ಕಾಗೆಗಳು ಕಿತ್ತು ಹಾಕುತ್ತವೆ. ಬರಿದಾದ ಕೊಳವೆ ನಮ್ಮ ಗಾಳಿಯಲ್ಲಿ ಲೋಟದ ಹಾಗೆಯೇ ಬೆವರುತ್ತದೆ. ಹೊಸ ಸ್ಪಂಜು ಹಾಕಿಸಿ ಮೇಲೆ ಟೇಪ್ ಸುತ್ತಿದರೆ ಮುಗಿಯಿತು.

ಕಮಟು ವಾಸನೆ ಬಂದರೆ

ಹಾಕಿದ ಕೂಡಲೇ ಒದ್ದೆ ಬಟ್ಟೆಯ ವಾಸನೆ ಬರುತ್ತಿದೆಯೇ? ಕಾಯಿಲ್ ಮತ್ತು ಅದರ ಹಿಂದಿನ ಉರುಳೆ ಫ್ಯಾನಿನಲ್ಲಿ ಬೂಷ್ಟು ಬಂದಿದೆ. ಗಾಳಿ ಬರುವ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಫ್ಯಾನಿನ ಎಸಳುಗಳಲ್ಲಿ ಕಪ್ಪು ಚುಕ್ಕೆ ದಟ್ಟವಾಗಿದ್ದರೆ ಸರ್ವಿಸಿನವರೇ ಬಿಚ್ಚಿ ನೀರು ಹೊಡೆದು ತೊಳೆಯಬೇಕು. ರೂಮ್ ಫ್ರೆಶ್ನರ್ ಹೊಡೆದರೆ ವಾಸನೆ ಮುಚ್ಚುತ್ತದೆ, ಬೂಷ್ಟು ಅಲ್ಲೇ ಇರುತ್ತದೆ. ಉಬ್ಬಸ ಇರುವವರು, ಸಣ್ಣ ಮಕ್ಕಳು ಮಲಗುವ ರೂಮಿನಲ್ಲಿ ಇದನ್ನು ದಯವಿಟ್ಟು ಮುಂದೂಡಬೇಡಿ.

ಮೇಲ್ಮೇಲೆ ಧೂಳಿದ್ದರೆ ಮೆತ್ತನೆಯ ಬ್ರಷ್‌ನಿಂದ ಕಾಯಿಲನ್ನು ಮೇಲಿನಿಂದ ಕೆಳಗೆ ಮಾತ್ರ ಸವರಿ. ಅದರ ತಗಡುಗಳು ಕಾಗದದಷ್ಟು ತೆಳ್ಳಗೆ, ಅಡ್ಡ ಉಜ್ಜಿದರೆ ಬಾಗುತ್ತವೆ, ಬೆರಳಿಗೂ ತಾಗಿ ಕೊಯ್ಯುತ್ತವೆ.

ಬೂಷ್ಟು ಬಾರದಿರಲು ಒಂದು ಅಭ್ಯಾಸ ಸಾಕು. ಬೆಳಿಗ್ಗೆ ಎದ್ದ ಮೇಲೆ ಕೂಲಿಂಗ್ ನಿಲ್ಲಿಸಿ, ಕಿಟಕಿ ತೆರೆದು, ಎಸಿಯ ಫ್ಯಾನ್ ಮಾತ್ರ 20 ನಿಮಿಷ ಓಡಲಿ. ಒಳಗೆ ಒಣಗುತ್ತದೆ. ರಾತ್ರಿ ಮಲಗಿರುವಾಗ ಹೀಗೆ ಮಾಡಿದರೆ ಕಾಯಿಲ್ ಮೇಲಿನ ನೀರು ಆವಿಯಾಗಿ ರೂಮಿಗೇ ಮರಳಿ ಸೆಖೆ ಆಗುತ್ತದೆ, ಅದಕ್ಕೇ ಬೆಳಿಗ್ಗೆ ಎಂದೆ.

ಹೊರಗಿನ ಪೆಟ್ಟಿಗೆಗೆ ಉಪ್ಪಿನ ಕಾಟ

ಮಲ್ಪೆ, ಸುರತ್ಕಲ್, ಹೊನ್ನಾವರದ ಕಡೆ ಸಮುದ್ರದ ಹತ್ತಿರವಿರುವವರು ಕಿಟಕಿಯ ಸರಳನ್ನು ಮುಟ್ಟಿದರೆ ಸಾಕು, ಉಪ್ಪುಗಾಳಿ ಕಬ್ಬಿಣಕ್ಕೆ ಏನು ಮಾಡುತ್ತದೆ ಎಂದು ಗೊತ್ತಾಗುತ್ತದೆ. ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುವುದರಿಂದ ಲೋಹ ಸದಾ ಒದ್ದೆಯಾಗಿಯೇ ಇರುತ್ತದೆ. ಹೊರಗಿನ ಕಾಯಿಲ್‌ನಲ್ಲಿ ತಾಮ್ರವೂ ಅಲ್ಯೂಮಿನಿಯಂ ಕೂಡ ಒಂದಕ್ಕೊಂದು ತಾಗಿಕೊಂಡಿದ್ದರೆ, ನಡುವೆ ಉಪ್ಪುನೀರು ಸೇರಿದಾಗ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಬೂದಿಯಂಥ ಬಿಳಿ ಪುಡಿ ಕಂಡರೆ ಅದು ಇದೇ.

ತಿಂಗಳಿಗೊಮ್ಮೆ ಎಂಸಿಬಿ ಆಫ್ ಮಾಡಿ, ಗಿಡಕ್ಕೆ ಬಿಡುವ ಪೈಪಿನಿಂದ ಮಳೆ ಬಿದ್ದ ಹಾಗೆ ನೀರು ಬಿಟ್ಟು ಕಾಯಿಲ್ ತೊಳೆಯಿರಿ. ಕಾರ್ ತೊಳೆಯುವ ಪ್ರೆಶರ್ ಪಂಪ್ ಬೇಡ, ತಗಡು ಮಡಚಿಬಿಡುತ್ತದೆ. ವೈರ್ ಸೇರುವ ಬದಿಗೆ ನೀರು ಹೊಡೆಯಬೇಡಿ. ಕಡಲ ತೀರದ ಎಷ್ಟೋ ಬಾವಿಗಳ ನೀರು ಬೇಸಿಗೆಯಲ್ಲಿ ಸ್ವಲ್ಪ ಉಪ್ಪಾಗುತ್ತದೆ. ಆ ನೀರಲ್ಲಿ ತೊಳೆದರೆ ಉಪ್ಪಿನ ಮೇಲೆ ಉಪ್ಪು, ಸಿಹಿ ನೀರನ್ನೇ ಬಳಸಿ. ಮಹಡಿಯ ಮೇಲಿರುವವರು ಬಾಗಿ ಸಾಹಸ ಮಾಡಬೇಡಿ, ಸರ್ವಿಸಿನವರಿಗೆ ಬಿಡಿ. ಆದರೆ ಅವರು ಬಂದಾಗ ಪೆಟ್ಟಿಗೆ ಹೊತ್ತ ಕಬ್ಬಿಣದ ಸ್ಟ್ಯಾಂಡ್ ಮತ್ತು ಬೋಲ್ಟ್‌ಗಳನ್ನು ತೋರಿಸಿ, ತುಕ್ಕು ಎಷ್ಟಿದೆ ಎಂದು ಕೇಳಲೇಬೇಕು. ಕೆಳಗೆ ಜನ ಓಡಾಡುತ್ತಾರೆ.

ಬಾಲ್ಕನಿಯಲ್ಲಿ ಪೆಟ್ಟಿಗೆಯ ಮುಂದೆ ಬಟ್ಟೆ ಒಣಗಹಾಕಿದರೆ ಬಿಸಿಗಾಳಿ ತಿರುಗಿ ಅಲ್ಲೇ ಬರುತ್ತದೆ. ಮುಂದೆ ಖಾಲಿ ಇರಲಿ.

"ಗ್ಯಾಸ್ ಕಮ್ಮಿ" ಎಂದಾಗ

ಎಸಿಯ ಗ್ಯಾಸ್ ಅಡುಗೆ ಗ್ಯಾಸಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ಕಮ್ಮಿಯಾಗಿದ್ದರೆ ಎಲ್ಲೋ ಸೋರುತ್ತಿದೆ. ಹಾಗಾಗಿ "ಎಲ್ಲಿ ಸೋರುತ್ತಿದೆ, ತೋರಿಸಿ" ಎಂದು ಕೇಳಿ. ಸೋರಿಕೆ ಮುಚ್ಚಿ, ವ್ಯಾಕ್ಯೂಮ್ ಮಾಡಿ (ಕೊಳವೆಯೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆದು), ತೂಕ ನೋಡಿಯೇ ತುಂಬಬೇಕು. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಹೊರಗಿನ ಪೆಟ್ಟಿಗೆಯ ಲೇಬಲ್ ಮೇಲೆ ಬರೆದಿರುತ್ತದೆ. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಗ್ಯಾಸಿಗೆ ಬೆಂಕಿ ತಗಲಬಹುದು, ಅದರ ಬದಲು ಬೇರೆ ಗ್ಯಾಸ್ ತುಂಬಲೂ, ಬೆರೆಸಲೂ ಬಿಡಬೇಡಿ.

ಕರೆಯುವ ಮೊದಲು ನೀವೇ ಒಂದು ಪರೀಕ್ಷೆ ಮಾಡಬಹುದು. ಜಾಲರಿ ತೊಳೆದು, ಎಸಿ ಕಾಲು ಗಂಟೆ ಓಡಿದ ಮೇಲೆ, ಗಾಳಿ ಒಳಹೋಗುವಲ್ಲಿ ಮತ್ತು ಹೊರಬರುವಲ್ಲಿ ಥರ್ಮಾಮೀಟರ್ ಹಿಡಿಯಿರಿ. ಎರಡರ ನಡುವೆ ಸುಮಾರು 8ರಿಂದ 12 ಡಿಗ್ರಿ ವ್ಯತ್ಯಾಸವಿದ್ದರೆ ಕೂಲಿಂಗ್ ಸರಿಯಿದೆ. ತುಂಬ ಸೆಖೆಯಿದ್ದರೆ ಸ್ವಲ್ಪ ಕಮ್ಮಿ ಬರಬಹುದು. ಎಂಸಿಬಿ ಮತ್ತೆ ಮತ್ತೆ ಬಿದ್ದರೆ, ಪ್ಲಗ್ ಬಿಸಿಯಾಗಿ ಸುಟ್ಟ ವಾಸನೆ ಬಂದರೆ, ತೊಳೆದ ಜಾಲರಿಯಿದ್ದೂ ಗಡ್ಡೆ ಕಟ್ಟಿದರೆ ತಡಮಾಡದೆ ಬಂದ್ ಮಾಡಿ ಮೆಕ್ಯಾನಿಕ್ ಕರೆಯಿರಿ.

ಬಿಲ್ಲಿನ ಮಾತು ಒಂದೇ ಸಾಲಿನಲ್ಲಿ: 2020ರ ಜನವರಿಯಿಂದ ನಮ್ಮ ದೇಶದಲ್ಲಿ ಸ್ಟಾರ್ ಗುರುತಿನ ರೂಮ್ ಎಸಿಗಳನ್ನು 24 ಡಿಗ್ರಿಗೆ ಹೊಂದಿಸಿಯೇ ಮಾರಬೇಕು, ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ.

ಮಳೆ ಶುರುವಾದ ಮೇಲೆ

ಜೂನ್ ಬಂತೆಂದರೆ ಹೊರಗಿನ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿ ಕಟ್ಟುವವರಿದ್ದಾರೆ. ಅದು ಮಳೆಯಲ್ಲಿ ನಿಲ್ಲಲೆಂದೇ ಮಾಡಿದ ಪೆಟ್ಟಿಗೆ. ಸುತ್ತಿದರೆ ಒಳಗಿನ ತೇವ ಹೋಗುವುದಿಲ್ಲ, ಇಲಿ, ಹಲ್ಲಿ, ಇರುವೆಗೆ ಬೆಚ್ಚನೆಯ ಮನೆಯಾಗುತ್ತದೆ. ಹಲ್ಲಿ ಬೋರ್ಡಿಗೆ ಸಿಕ್ಕಿ ಶಾರ್ಟ್ ಆದರೆ ರಿಪೇರಿಗೆ ಸಾವಿರಗಟ್ಟಲೆ ಬೇಕು. ಹಾಗೇ ಬಿಡಿ.

ಬಿಸಿಲಿಲ್ಲದೆ ಹಾಸಿಗೆ, ಕಪಾಟು ಎಲ್ಲ ಒದ್ದೆಯೆನಿಸುವ ಆಷಾಢದ ದಿನಗಳಲ್ಲಿ ರಿಮೋಟಿನ ಡ್ರೈ ಮೋಡ್, ಅಂದರೆ ಹನಿಯ ಚಿತ್ರವಿರುವ ಬಟನ್, ತುಂಬ ಉಪಕಾರಿ. ಚಳಿ ಜಾಸ್ತಿ ಮಾಡದೆ ತೇವ ಎಳೆಯುತ್ತದೆ. ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿದರೆ ಎಸಿಯೂ ಜಡ್ಡುಗಟ್ಟುವುದಿಲ್ಲ. ಗುಡುಗು ಸಿಡಿಲಿನ ಹೊತ್ತಿಗೆ ಮಾತ್ರ ಎಂಸಿಬಿ ಇಳಿಸಿಡಿ. ಅಕ್ಟೋಬರ್ ವರೆಗೆ ಮುಟ್ಟುವುದೇ ಇಲ್ಲ ಎನ್ನುವವರು ಒಂದು ಒಣ ದಿನ ಜಾಲರಿ ತೊಳೆದು, ಅರ್ಧ ಗಂಟೆ ಫ್ಯಾನ್ ಓಡಿಸಿ ಒಳಗೆ ಒಣಗಿಸಿ ಬಂದ್ ಮಾಡಿ. ರಿಮೋಟಿನ ಸೆಲ್‌ಗಳನ್ನೂ ತೆಗೆದಿಡಿ, ತೇವದಲ್ಲಿ ಅವು ಸೋರಿ ಒಳಗಿನ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯುತ್ತದೆ.