ಪಂಪ್‌ಸೆಟ್ ಎಳೆಯದ ಹೈಬ್ರಿಡ್: ನನ್ನ ಅನುಭವ

ಕಳೆದ ವರ್ಷಕ್ಕಿಂತ ಹಿಂದಿನ ಮಾತು. ಫೆಬ್ರವರಿ ಕೊನೆಯ ವಾರ. ರೊಬಸ್ಟಾ ಕಾಫಿ ಗಿಡಗಳಲ್ಲಿ ಮೊಗ್ಗು ಬಲಿತು ನಿಂತಿತ್ತು. ಆಕಾಶದಲ್ಲಿ ಮೋಡದ ಸುಳಿವೇ ಇಲ್ಲ. ಕಾಫಿ ತೋಟದವರಿಗೆ ಈ ದಿನಗಳ ಸಂಕಟ ಗೊತ್ತು. ಮೊಗ್ಗು ಅರಳಿಸುವ ಹೂ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು, ಅದೂ ಸರಿಯಾದ ಹೊತ್ತಿಗೆ. ನಮ್ಮ ಡೀಸೆಲ್ ಪಂಪ್‌ಸೆಟ್ ಎರಡು ಚಕ್ರದ ಟ್ರಾಲಿ ಮೇಲೆ ಕೂತಿದೆ. ಒಟ್ಟು ಅರ್ಧ ಟನ್‌ಗೆ ಸ್ವಲ್ಪ ಕಮ್ಮಿ ತೂಕ. ಅದನ್ನು ಕೆರೆಯಿಂದ ಕೆರೆಗೆ ಎಳೆಯುವುದು ಅಪ್ಪನ ಕಾಲದ ಮಹೀಂದ್ರ ಜೀಪು. ಆ ದಿನ ಬೆಳಿಗ್ಗೆಯೇ ಜೀಪಿನ ಕ್ಲಚ್ ಕೈಕೊಟ್ಟಿತು.

ಅಂಗಳದಲ್ಲಿ ಆರು ತಿಂಗಳ ಹಿಂದೆ ತಂದ ಹೈಬ್ರಿಡ್ ಎಸ್‌ಯುವಿ ನಿಂತಿತ್ತು, ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಕರೆಂಟ್ ಮೋಟಾರ್ ಎರಡೂ ಇರುವ ಗಾಡಿ. "ಅಷ್ಟು ದುಡ್ಡು ಕೊಟ್ಟು ತಂದಿದ್ದೀರಿ, ಇದಕ್ಕೇ ಕಟ್ಟಿದ್ರೆ ಆಯ್ತಲ್ವಾ" ಅಂದ ನಮ್ಮ ಮೇಸ್ತ್ರಿ. ನನಗೂ ಹೌದು ಅನಿಸಿತು. ಹಗ್ಗ, ಕೊಂಡಿ ಹುಡುಕಲು ಶೆಡ್‌ಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಗಾಡಿಯೊಳಗಿಂದ ಮ್ಯಾನ್ಯುಯಲ್ ತಂದು ಕೈಗಿಟ್ಟಳು. ಆ ಪುಸ್ತಕದ ಪ್ಲಾಸ್ಟಿಕ್ ಕವರ್ ಹರಿದದ್ದು ಅವತ್ತೇ. ಅದರಲ್ಲಿ ಬರೆದಿದ್ದ ವಿಷಯ ಸರಳ. ಈ ಗಾಡಿ ಇರುವುದು ಜನರನ್ನು ಮತ್ತು ಅವರ ಲಗೇಜನ್ನು ಒಯ್ಯಲು, ಟ್ರೇಲರ್ ಎಳೆಯಲು ಅಲ್ಲ.

ತಗೊಳ್ಳುವಾಗ ನಾನು ಕೇಳದೆ ಇರಲಿಲ್ಲ. "ಟ್ರಾಲಿ ಎಳೆಯುತ್ತಾ" ಅಂತ ಶೋರೂಮಿನಲ್ಲಿ ಕೇಳಿದ್ದೆ. "ಆರಾಮಾಗಿ ಎಳೆಯುತ್ತೆ ಸಾರ್, ಮೋಟಾರ್ ಟಾರ್ಕ್ ಇದೆಯಲ್ಲ" ಅಂದಿದ್ದ ಅಲ್ಲಿಯ ಹುಡುಗ. ಅದನ್ನು ಬರೆದು ಕೊಡು ಅಂತ ನಾನು ಕೇಳಲಿಲ್ಲ. ತಪ್ಪು ಅರ್ಧ ನನ್ನದೇ.

ರಾತ್ರಿ ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಅವನ ಹತ್ತಿರ ಇರುವುದೂ ಹೈಬ್ರಿಡ್ಡೇ, ಟೊಯೋಟಾ ರಾವ್4. ಅದರ ಹಿಂದೆ ಸಣ್ಣ ದೋಣಿ ಕಟ್ಟಿಕೊಂಡು ಭಾನುವಾರ ಕೆರೆಗೆ ಹೋಗುತ್ತಾನೆ. ಅಲ್ಲಿ ಕಂಪನಿಯೇ ಲೆಕ್ಕ ಕೊಟ್ಟಿದೆ: 1,750 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 800 ಕೆಜಿ. ಅದರ ಅಣ್ಣ ಹೈಲ್ಯಾಂಡರ್ ಹೈಬ್ರಿಡ್ ಆದರೆ 3,500 ಪೌಂಡ್. "ಮತ್ತೆ ನಿಂದು ಯಾಕೆ ಎಳೆಯಲ್ಲ" ಅಂತ ಅವನು ನಕ್ಕ. ಅವನ ಗಾಡಿಯಲ್ಲಿರುವುದು 2.5 ಲೀಟರ್ ಎಂಜಿನ್, ಮೋಟಾರ್ ಸೇರಿ 219 ಕುದುರೆ ಬಲ. ನನ್ನದು 1.5 ಲೀಟರ್, ಮೂರು ಸಿಲಿಂಡರ್, ಎಲ್ಲ ಸೇರಿ 116. ಹೈಬ್ರಿಡ್ ಅನ್ನುವ ಹೆಸರು ಒಂದೇ, ಅಷ್ಟೇ.

ಇಷ್ಟಾದ ಮೇಲೆ ಈ ಗಾಡಿ ಯಾಕೆ ತಂದೆ ಅಂತ ಹೇಳಬೇಕು. 2023ರಲ್ಲಿ ಹುಡುಕಾಟ ಶುರು ಮಾಡಿದಾಗ ನನಗೆ ಬೇಕಿದ್ದದ್ದು ಕ್ಲಚ್ ಇಲ್ಲದ ಗಾಡಿ. ಎಡ ಮಂಡಿ ಮಾತು ಕೇಳುತ್ತಿರಲಿಲ್ಲ. ಮಗಳು ಮಂಗಳೂರಿನಲ್ಲಿ ಓದುತ್ತಾಳೆ, ಅಪ್ಪನ ತಪಾಸಣೆ ಮೈಸೂರಿನಲ್ಲಿ. ಕೊಡಗಿನ ಸಿದ್ದಾಪುರದ ಹತ್ತಿರದ ನಮ್ಮ ತೋಟದಿಂದ ಎರಡು ಕಡೆಗೂ ತಿಂಗಳಿಗೆ ಒಂದೆರಡು ಸಲ ಹೋಗಲೇಬೇಕು. ಎಲ್ಲ ಸೇರಿ ತಿಂಗಳಿಗೆ 1,500 ಕಿ.ಮೀ.

ಇನ್ನೋವಾ ಹೈಕ್ರಾಸ್ ನೋಡಿದೆ. ಒಳ್ಳೆಯ ಗಾಡಿ. ಬಜೆಟ್ ದಾಟಿತು, ನಮ್ಮ ತೋಟದ ದಾರಿಯ ತಿರುವುಗಳಿಗೆ ಉದ್ದವೂ ಜಾಸ್ತಿ. ಉಳಿದದ್ದು ಮಾರುತಿ ಗ್ರ್ಯಾಂಡ್ ವಿಟಾರ ಮತ್ತು ಟೊಯೋಟಾ ಹೈರೈಡರ್. 2022ರಲ್ಲಿ ಬಂದ ಅವಳಿಗಳು ಇವು. ಎರಡೂ ತಯಾರಾಗುವುದು ನಮ್ಮ ಬಿಡದಿಯಲ್ಲೇ, ಒಳಗಿನ ಯಂತ್ರ ಒಂದೇ. ಎರಡರಲ್ಲಿ ಒಂದನ್ನು ತಗೊಂಡೆ. ಯಾವುದು ಅನ್ನುವುದರಿಂದ ಈ ಕಥೆಗೆ ಏನೂ ವ್ಯತ್ಯಾಸ ಇಲ್ಲ.

ಕೊಳ್ಳುವವರು ಮೊದಲು ಎಡವುವುದು ಹೆಸರಿನಲ್ಲಿ. ಈ ಗಾಡಿಗಳಲ್ಲಿ ಮೈಲ್ಡ್ ಹೈಬ್ರಿಡ್ ಅಂತ ಒಂದಿದೆ, ಸ್ಟ್ರಾಂಗ್ ಹೈಬ್ರಿಡ್ ಅಂತ ಇನ್ನೊಂದಿದೆ. ಮೈಲ್ಡ್ ಅಂದರೆ ಎಂಜಿನ್‌ಗೆ ಸಣ್ಣದೊಂದು ಕೈ ಸಹಾಯ, ಅಷ್ಟೇ. ಬರೀ ಕರೆಂಟಿನಲ್ಲಿ ಅದು ಓಡುವುದಿಲ್ಲ. ಸ್ಟ್ರಾಂಗ್ ಓಡುತ್ತದೆ. ಅದರ ಎಂಜಿನ್ 92 ಪಿಎಸ್ (ಕುದುರೆ ಬಲ), ಮೋಟಾರ್ 80 ಪಿಎಸ್. ಕೂಡಿಸಿ 172 ಅಂತ ನಾನೂ ಲೆಕ್ಕ ಹಾಕಿದ್ದೆ. ಹಾಗಲ್ಲ, ಒಟ್ಟಿಗೆ ಸಿಗುವುದು 116. ಯಾಕೆಂದರೆ ಮೋಟಾರಿಗೆ ಬೇಕಾದ ಕರೆಂಟನ್ನು ಬ್ಯಾಟರಿ ಅಷ್ಟು ಒಮ್ಮೆಗೇ ಕೊಡಲಾರದು.

ಇನ್ನೊಂದು ತಲೆನೋವು ಫೋರ್ ವೀಲ್. ಆಗ ನಾಲ್ಕೂ ಚಕ್ರಕ್ಕೆ ಬಲ ಸಿಗುತ್ತಿದ್ದದ್ದು ಮೈಲ್ಡ್‌ನಲ್ಲಿ ಮಾತ್ರ, ಅದೂ ಗೇರ್ ಹಾಕುವ ಗಾಡಿಯಲ್ಲಿ. ಸ್ಟ್ರಾಂಗ್ ಬೇಕಾದರೆ ಮುಂದಿನ ಎರಡೇ ಚಕ್ರ. ನನ್ನ ಮಂಡಿ ತೀರ್ಮಾನ ಕೊಟ್ಟಿತು.

ಡಿಕ್ಕಿ ತೆರೆದು ನೋಡದೆ ಬುಕ್ ಮಾಡಬೇಡಿ. ಮೈಲ್ಡ್‌ನಲ್ಲಿ 373 ಲೀಟರ್ ಜಾಗ ಇದ್ದರೆ ಸ್ಟ್ರಾಂಗ್‌ನಲ್ಲಿ 265. ಉಳಿದ ಜಾಗ ಬ್ಯಾಟರಿ ತಿಂದಿದೆ. ನಾನು ಒಂದು ಖಾಲಿ ಕಾಫಿ ಗೋಣಿಯನ್ನೇ ತಗೊಂಡು ಹೋಗಿ ಹಾಸಿ ನೋಡಿದೆ. ಶೋರೂಮಿನವರು ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಆಗ ಆಟೋಮ್ಯಾಟಿಕ್ ಮೈಲ್ಡ್‌ಗೂ ಸ್ಟ್ರಾಂಗ್‌ಗೂ ನನಗೆ ಬಿದ್ದ ವ್ಯತ್ಯಾಸ ಹತ್ತಿರ ಹತ್ತಿರ 3 ಲಕ್ಷ. ಎಲೆಕ್ಟ್ರಿಕ್ ಗಾಡಿಗೆ 5% ಜಿಎಸ್‌ಟಿ ಇದ್ದಾಗ ಈ ಹೈಬ್ರಿಡ್‌ಗೆ ಸೆಸ್ ಸೇರಿ 43% ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40% ಆಗಿದೆ. ಅದರ ಮೇಲೆ ಕರ್ನಾಟಕದ ರಸ್ತೆ ತೆರಿಗೆ ಬೇರೆ. ಸ್ನೇಹಿತನ ಮೈಲ್ಡ್ ಆಟೋಮ್ಯಾಟಿಕ್ ನಮ್ಮ ದಾರಿಗಳಲ್ಲಿ ಲೀಟರ್‌ಗೆ 15 ಕೊಡುತ್ತದೆ, ನನ್ನದು 21. ವರ್ಷಕ್ಕೆ 18,000 ಕಿ.ಮೀ. ಓಡಿಸಿದರೆ 340 ಲೀಟರ್ ಉಳಿತಾಯ. ಪೆಟ್ರೋಲ್ 102 ರೂಪಾಯಿ ಅಂತ ಇಟ್ಟರೆ 35 ಸಾವಿರ ರೂಪಾಯಿ. ಹಾಕಿದ ದುಡ್ಡು ವಾಪಸ್ ಬರಲು ಎಂಟೂವರೆ ವರ್ಷ ಬೇಕು. ಹೈಬ್ರಿಡ್ ಬ್ಯಾಟರಿಯ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ. ಹಾಗಾಗಿ ದುಡ್ಡು ಉಳಿಸಲು ತಗೊಂಡೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಸುಖಕ್ಕೆ ತಗೊಂಡೆ. ಬೆಳಿಗ್ಗೆ ಆರಕ್ಕೆ ತೋಟದ ದಾರಿಯಲ್ಲಿ ಒಂದು ಸಣ್ಣ ಗುಂಯ್ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಆನೆ ಮುರಿಯುವ ಬಿದಿರಿನ ಲಟಲಟ ಗಾಡಿಯೊಳಗೇ ಕೇಳುತ್ತದೆ. ನಮ್ಮ ಕಡೆ ಇದು ಸಣ್ಣ ಲಾಭ ಅಲ್ಲ.

ಕಂಪನಿ ಹೇಳುವ ಮೈಲೇಜ್ 27.97. ಅದು ನನಗೆ ಒಂದು ದಿನವೂ ಬಂದಿಲ್ಲ. ಚೆಟ್ಟಳ್ಳಿ ಮೇಲಾಗಿ ಮಡಿಕೇರಿಗೆ ನಿಧಾನಕ್ಕೆ ಹೋದರೆ 24 ಕಂಡಿದ್ದೇನೆ. ಸಣ್ಣ ಏರು, ಸಣ್ಣ ಇಳಿತ, ತಿರುವು, ಬ್ರೇಕ್. ಇಂಥ ದಾರಿ ಇದಕ್ಕೆ ಹಬ್ಬ. ಇಳಿತದಲ್ಲಿ ಮೋಟಾರ್ ಡೈನಮೋ ಆಗಿ ಬ್ಯಾಟರಿ ತುಂಬಿಸುತ್ತದೆ, ಮುಂದಿನ ಏರಿನಲ್ಲಿ ಅದನ್ನೇ ಖರ್ಚು ಮಾಡುತ್ತದೆ.

ಸಂಪಾಜೆ ಘಾಟಿ ಬಂದಾಗ ಕಥೆಯೇ ಬೇರೆ. ಮೊದಲ ಸಲ ನಾಲ್ಕು ಜನ ಕೂತು ಮಂಗಳೂರಿಗೆ ಇಳಿಯುತ್ತಿದ್ದೆವು. ಮದೆನಾಡು ದಾಟುವಷ್ಟರಲ್ಲಿ ಬ್ಯಾಟರಿ ಗುರುತು ತುಂಬಿಹೋಯಿತು. ಜೋಡುಪಾಲದ ಹತ್ತಿರ ಎಂಜಿನ್ ಇದ್ದಕ್ಕಿದ್ದ ಹಾಗೆ ಕೂಗಲು ಶುರು ಮಾಡಿತು. ನನ್ನ ಕಾಲು ಆಕ್ಸಿಲರೇಟರ್ ಮೇಲೆ ಇಲ್ಲವೇ ಇಲ್ಲ. ಗಾಡಿ ಹಾಳಾಯಿತು ಅಂತ ಹೆಂಡತಿ ಹೆದರಿದಳು. ನಾನೂ ಬದಿಗೆ ನಿಲ್ಲಿಸಿದೆ. ಹಾಳಾಗಿರಲಿಲ್ಲ. ಬ್ಯಾಟರಿಯಲ್ಲಿ ಜಾಗ ಮುಗಿದಿತ್ತು. ಹಾಗಾಗಿ ಹೆಚ್ಚಾದ ಕರೆಂಟಿನಿಂದ ಗಾಡಿ ಎಂಜಿನ್ನನ್ನೇ ಸುಮ್ನೆ ತಿರುಗಿಸಿ ಬಲ ಕಳೆಯುತ್ತಿತ್ತು. ಆಗ ಪೆಟ್ರೋಲ್ ಖರ್ಚಾಗುವುದಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಮಡಿಕೇರಿಯಿಂದ ಘಾಟಿಯ ಬುಡಕ್ಕೆ ಸುಮಾರು 1,000 ಮೀಟರ್ ಇಳಿತ. ನಾವೆಲ್ಲ ಸೇರಿ ಗಾಡಿಯ ತೂಕ 1,550 ಕೆಜಿ ಅಂತ ಇಟ್ಟರೆ, ಆ ಇಳಿತದಲ್ಲಿರುವ ಶಕ್ತಿ 4 ಯೂನಿಟ್ ಕರೆಂಟಿನಷ್ಟು. ಅದೇ ಕರೆಂಟ್ ಬಿಲ್ಲಿನ ಯೂನಿಟ್. ಗಾಳಿಗೆ, ಟೈರಿಗೆ ಒಂದಷ್ಟು ಹೋದರೂ ಬೇಕಾದಷ್ಟು ಉಳಿಯುತ್ತದೆ. ಬ್ಯಾಟರಿಯ ಹೊಟ್ಟೆ ಎಷ್ಟು? 0.76 ಯೂನಿಟ್. ಅದರಲ್ಲೂ ಪೂರ್ತಿ ಬಳಸುವುದಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಅಂಗಳದಲ್ಲಿ ಚೊಂಬು ಇಟ್ಟ ಹಾಗೆ.

ಈಗ ಮಡಿಕೇರಿ ಬಿಟ್ಟ ಕೂಡಲೇ ಗೇರ್ ಲಿವರ್ ಅನ್ನು 'ಬಿ'ಗೆ, ಅಂದರೆ ಎಂಜಿನ್ ಬ್ರೇಕಿಗೆ, ಹಾಕುತ್ತೇನೆ. ಎಂಜಿನ್ ಹಿಡಿತ ಮೊದಲಿಂದಲೇ ಸಿಗುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ಹತ್ತುವಾಗ ಇದೇ ಕಥೆ ಉಲ್ಟಾ. ಕೊಯನಾಡಿನಿಂದ ಮೇಲೆ ಸ್ವಲ್ಪ ದೂರ ಮೋಟಾರ್ ಚೆನ್ನಾಗಿ ತಳ್ಳುತ್ತದೆ. ಚೊಂಬು ಖಾಲಿ ಆದ ಮೇಲೆ 92 ಪಿಎಸ್ ಎಂಜಿನ್ ಒಂದೇ ಎಲ್ಲರನ್ನೂ ಹೊರಬೇಕು. ಮೈಲೇಜ್ 14ಕ್ಕೆ ಬೀಳುತ್ತದೆ, ಕೂಗು ಮಾತ್ರ ಲಾರಿಯಷ್ಟು.

ಪಂಪ್‌ಸೆಟ್ ವಿಷಯ ನನಗೆ ಪೂರ್ತಿ ಅರ್ಥ ಆದದ್ದು ಈ ಲೆಕ್ಕದಿಂದ. ಇನ್ನೂ ಅರ್ಧ ಟನ್ ಹಿಂದೆ ಕಟ್ಟಿದರೆ ಏರಿನಲ್ಲಿ ಚೊಂಬು ಬೇಗ ಖಾಲಿ, ಇಳಿತದಲ್ಲಿ ಬೇಗ ಭರ್ತಿ. ಮೋಟಾರ್, ಬ್ಯಾಟರಿ ಕರೆಂಟನ್ನು ಮೋಟಾರಿಗೆ ಹೊಂದಿಸುವ ಇನ್ವರ್ಟರ್, ಎರಡೂ ಬಿಸಿಯಾಗುತ್ತವೆ. ಹಿಂದಿನ ಟ್ರಾಲಿಗೆ ಅದರದ್ದೇ ಬ್ರೇಕ್ ಇಲ್ಲ, ಅದು ಗಾಡಿಯನ್ನು ತಳ್ಳುತ್ತಲೇ ಇರುತ್ತದೆ. ಹೊರಗಿನ ಗ್ಯಾರೇಜಿನಲ್ಲಿ ಹುಕ್ ವೆಲ್ಡ್ ಮಾಡಿಕೊಡಲು ಒಬ್ಬರು ತಯಾರಿದ್ದರು. ನಾಳೆ ಏನಾದರೂ ಆದರೆ ವಾರಂಟಿ, ಇನ್ಶೂರೆನ್ಸ್ ಎರಡಕ್ಕೂ ನಾನೇ ಉತ್ತರ ಹೇಳಬೇಕು. ರಸ್ತೆಗೆ ಇಳಿಸುವ ಟ್ರೇಲರ್‌ಗೆ ಅದರದ್ದೇ ನೋಂದಣಿಯೂ ಬೇಕು. ಬೇಡ ಅಂದೆ. ಆ ದಿನ ಪಕ್ಕದ ತೋಟದ ಟ್ರ್ಯಾಕ್ಟರ್ ಬಂದು ಪಂಪ್‌ಸೆಟ್ ಒಯ್ದಿತು. ಅದೇ ವಾರ ಜೀಪಿಗೆ ಹೊಸ ಕ್ಲಚ್ ಹಾಕಿಸಿದೆ. ಮಾರುವ ಯೋಚನೆ ಇತ್ತು, ಬಿಟ್ಟೆ.

ಎಳೆಯುವುದಿರಲಿ, ಇದನ್ನೇ ಎಳೆಸಿಕೊಳ್ಳುವುದೂ ಒಂದು ಪಾಠ. ಜುಲೈಯಲ್ಲಿ ಕೆಲಸಗಾರರ ಲೈನ್ ಮನೆ ದಾರಿಯ ಕೆಸರಿನಲ್ಲಿ ಸಿಕ್ಕಿಬಿತ್ತು. ಮುಂದಿನ ಚಕ್ರ ಸುತ್ತಲು ಶುರುವಾದರೆ ಕಂಪ್ಯೂಟರ್ ಬಲ ಕಡಿಮೆ ಮಾಡುತ್ತದೆ. ನಾವು ಒತ್ತಿದಷ್ಟೂ ಅದು ಸುಮ್ಮನಾಗುತ್ತದೆ. ಟ್ರ್ಯಾಕ್ಟರ್ ಹುಡುಗ ಬಂದವನೇ ಹಗ್ಗವನ್ನು ಬಂಪರ್ ಕೆಳಗೆ ಸಿಕ್ಕಿದ ಕಬ್ಬಿಣಕ್ಕೆ ಕಟ್ಟಲು ಹೋದ. ಓಡಿಹೋಗಿ ತಡೆದೆ. ಟೂಲ್ ಕಿಟ್‌ನಲ್ಲಿ ಒಂದು ಕೊಂಡಿ ಇರುತ್ತದೆ. ಬಂಪರಿನ ಸಣ್ಣ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಕೂರಿಸಬೇಕು. ಹಗ್ಗ ಕಟ್ಟಬೇಕಾದದ್ದು ಅದಕ್ಕೇ. ಲಿವರ್ ನ್ಯೂಟ್ರಲ್‌ಗೆ ಹಾಕಿ ಹತ್ತಡಿ ನಿಧಾನಕ್ಕೆ ಎಳೆದರೆ ತೊಂದರೆ ಇಲ್ಲ. ಗಾಡಿ ಕೆಟ್ಟು ನಿಂತಾಗ ಊರಿಂದೂರಿಗೆ ಹಗ್ಗ ಕಟ್ಟಿ ಒಯ್ಯುತ್ತೇವಲ್ಲ, ಅದು ಮಾತ್ರ ಆಗದು. ಮುಂದಿನ ಚಕ್ರಗಳು ತಿರುಗಿದರೆ ಮೋಟಾರೂ ತಿರುಗಿ ಕರೆಂಟ್ ಹುಟ್ಟುತ್ತದೆ. ಗಾಡಿಯನ್ನು ಪೂರ್ತಿ ಎತ್ತಿ ಲಾರಿ ಮೇಲೆ ಇಡಬೇಕು, ಇಲ್ಲ ಮುಂದಿನ ಚಕ್ರ ಎರಡನ್ನೂ ಎತ್ತಬೇಕು. ಇನ್ಶೂರೆನ್ಸ್ ಮಾಡಿಸುವಾಗ ಆ ಸೌಲಭ್ಯ ಸೇರಿಸಿಕೊಳ್ಳಿ.

ಆಗಸ್ಟ್‌ನಲ್ಲಿ ಇನ್ನೊಂದು ಪಾಠ. ಕರಡಿಗೋಡು ಕಡೆ ಕಾವೇರಿ ನೀರು ರಸ್ತೆಗೆ ಬಂದಿತ್ತು. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ವೈರ್ ಇರುವ ಗಾಡಿಯನ್ನು ನೀರಿಗೆ ಇಳಿಸುವ ಧೈರ್ಯ ನನಗಿಲ್ಲ. ಮೂರು ವಾರ ಜೀಪಿನಲ್ಲೇ ಓಡಾಡಿದೆ. ಆಮೇಲೆ ಹೈಬ್ರಿಡ್ ಹತ್ತಿರ ಹೋದರೆ ಬಾಗಿಲೇ ತೆರೆಯಲಿಲ್ಲ. ರಿಮೋಟ್ ಕೀ ಒಳಗೆ ಅಡಗಿರುವ ಕಬ್ಬಿಣದ ಕೀಲಿ ತೆಗೆದು ಒಳಗೆ ಹೋದೆ. ದೊಡ್ಡ ಬ್ಯಾಟರಿ ಸರಿಯಿತ್ತು. ಸತ್ತಿದ್ದು ಸಾದಾ 12 ವೋಲ್ಟ್ ಬ್ಯಾಟರಿ. ಅದಿಲ್ಲದೆ ಕಂಪ್ಯೂಟರ್ ಏಳುವುದಿಲ್ಲ, ಕಂಪ್ಯೂಟರ್ ಏಳದೆ ದೊಡ್ಡ ಬ್ಯಾಟರಿ ಇದ್ದೂ ಇಲ್ಲದ ಹಾಗೆ. "ತಳ್ಳಿ ಸ್ಟಾರ್ಟ್ ಮಾಡೋಣ" ಅಂತ ಹುಡುಗರು ತೋಳು ಮಡಿಸಿದರು. ಈ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ. ಕೊನೆಗೆ ಜೀಪಿನ ಬ್ಯಾಟರಿಯಿಂದ ವೈರ್ ಕೊಟ್ಟು ಎಬ್ಬಿಸಿದೆವು. ಅಪ್ಪ ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಏನೂ ಅನ್ನಲಿಲ್ಲ, ಅದೇ ಕಷ್ಟ.

ಈಗ ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ 'ರೆಡಿ' ದೀಪ ಉರಿಯುವ ಹಾಗೆ ಬಿಡುತ್ತೇನೆ, ಲಿವರ್ 'ಪಿ'ಯಲ್ಲಿ (ಪಾರ್ಕಿಂಗ್). ನ್ಯೂಟ್ರಲ್‌ನಲ್ಲಿ ಬಿಟ್ಟರೆ ಹೈಬ್ರಿಡ್ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಹಿಂದಿನ ಸೀಟಿನ ಬದಿಯಲ್ಲಿ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಇದೆ. ನಮ್ಮ ನಾಯಿ ಮಲಗುವ ಜಾಗವೂ ಅದೇ. ತಿಂಗಳಿಗೊಮ್ಮೆ ಬ್ರಷ್ ಹಾಕಿ ಕೂದಲು ತೆಗೆಯುತ್ತೇನೆ. ಆ ಜಾಲರಿಗೆ ಒರಗಿಸಿ ಗೋಣಿ ಇಡುವುದೂ ಇಲ್ಲ.

ಮೊನ್ನೆ ಆ ಟ್ರ್ಯಾಕ್ಟರ್ ಕೊಟ್ಟ ಪಕ್ಕದ ತೋಟದವರು ಬಂದಿದ್ದರು. ಅವರ ಹತ್ತಿರವೂ ನಮ್ಮಂಥದ್ದೇ ಜೀಪಿದೆ. ಅದನ್ನು ಮಾರಿ ಹೈಬ್ರಿಡ್ ತಗೊಳ್ಳಲಾ ಅಂತ ಕೇಳಿದರು. ಹೈಬ್ರಿಡ್ ತಗೊಳ್ಳಿ ಅಂದೆ, ಜೀಪು ಮಾರುವುದಾದರೆ ಮೊದಲು ನನಗೆ ಹೇಳಿ ಅಂದೆ. ನಮ್ಮದಕ್ಕೆ ಗೇರ್‌ಬಾಕ್ಸ್ ಬೇಕಾಗಿದೆ.